ಕಾಕ್‌ಪಿಟ್ ಬಾಗಿಲು ಮತ್ತು ಸಿಕ್ ಮೆಮೋ

ಮೊದಲೇ ಹೇಳಿಬಿಡುತ್ತೇನೆ, ನಾನು ವಿಮಾನದವನಲ್ಲ, ರೈಲಿನವನು. ವಾಡಿ ಲಾಬಿಯಲ್ಲಿ, ಅಂದರೆ ನಮ್ಮವರು ಡ್ಯೂಟಿಗೆ ಹಾಜರಿ ಹಾಕುವ ಕೋಣೆಯಲ್ಲಿ, ಸೈನ್ ಆನ್ ಮಾಡಿ ಒಮ್ಮೆ ಸೊಲ್ಲಾಪುರದ ಕಡೆ, ಒಮ್ಮೆ ಯಾದಗಿರಿ ದಾಟಿ ರಾಯಚೂರಿನ ಕಡೆ ಗೂಡ್ಸ್ ಓಡಿಸಿ ರಿಟೈರ್ ಆದ ಲೋಕೋ ಪೈಲಟ್. ಈಗ ಕಲಬುರಗಿಯಲ್ಲಿ ಮನೆ. ಅಕ್ಕನ ಮಗ ಇಲ್ಲೇ ಏರ್‌ಪೋರ್ಟಿನಲ್ಲಿರುವ ಫ್ಲೈಯಿಂಗ್ ಸ್ಕೂಲಿಗೆ ಸೇರಿದ್ದಾನೆ. ನಮ್ಮ ಏರ್‌ಪೋರ್ಟಿಗೆ ದೊಡ್ಡ ವಿಮಾನ ಬಂದರೂ ಸರಿ, ಬಿಟ್ಟರೂ ಸರಿ, ತರಬೇತಿಯ ಪುಟ್ಟ ವಿಮಾನಗಳು ಮಾತ್ರ ಬೆಳಗಿನಿಂದ ಗುಂಯ್ ಅಂತ ಸುತ್ತುತ್ತಲೇ ಇರುತ್ತವೆ. ಅಕ್ಕ ಭಾವ ತೊಗರಿ ಹೊಲದ ಮೇಲೆ ಸಾಲ ಎತ್ತಿ ಓದಿಸುತ್ತಿದ್ದಾರೆ. ಹಾಗಾಗಿ ಆ ಸದ್ದು ನಮ್ಮ ಮನೆಯವರಿಗೆ ಸ್ವಲ್ಪ ಜಾಸ್ತಿನೇ ಕೇಳಿಸುತ್ತೆ.

ಹೋದ ಭಾನುವಾರ ಅವನು ಮೆಡಿಕಲ್ ಫಾರಂ ಹಿಡಿದುಕೊಂಡು ಬಂದ. ಅದರಲ್ಲಿ ಹಳೆ ಕಾಯಿಲೆಗಳ ಪಟ್ಟಿ ಇತ್ತು. ಒಂದೊಂದರ ಮುಂದೆಯೂ ಹೌದು ಅಥವಾ ಇಲ್ಲ ಅಂತ ಗುರುತು ಹಾಕಬೇಕು. ಮನಸ್ಸಿನ ತೊಂದರೆಯ ಸಾಲಿಗೆ ಬಂದಾಗ ನಕ್ಕ.

"ಮಾಮಾ, ಇದಕ್ಕ ಎಲ್ಲಾರೂ ಇಲ್ಲ ಅಂತೇ ಬರೀತಾರ."

"ನಿನಗೇನರ ಅದ ಏನಪಾ?"

"ಏನೂ ಇಲ್ಲ. ಆದ್ರ ಇದ್ರೂ ಇಲ್ಲ ಅಂತೇ ಬರೀತಿದ್ದೆ. ಹೊಲ ಅಡಾ ಇಟ್ಟಾರ್ರಿ ಮಾಮಾ."

ಹುಡುಗ ಸುಳ್ಳು ಹೇಳುವವನಲ್ಲ. ಅದಕ್ಕೇ ಆ ಮಾತು ನನಗೆ ಕುಟುಕಿತು. ಪೈಲಟ್‌ಗಳೇ ಬೇಕೆಂದು ವಿಮಾನ ಬೀಳಿಸಿದ ಪ್ರಕರಣಗಳ ಬಗ್ಗೆ ಮೊದಲಿನಿಂದಲೂ ಸಿಕ್ಕಿದ್ದೆಲ್ಲ ಓದುತ್ತೇನೆ. ಇಂಜಿನ್ ಕ್ಯಾಬಿನಲ್ಲಿ ಕೂತವನಿಗೆ ಆ ವಿಷಯ ದೂರದ್ದು ಅನ್ನಿಸುವುದಿಲ್ಲ. ಓದಿದ್ದನ್ನು ಅವತ್ತು ಅವನಿಗೆ ಹೇಳಿದೆ. ಇಲ್ಲೂ ಬರೆಯುತ್ತಿದ್ದೇನೆ.

2015ರ ಮಾರ್ಚ್ 24. ಜರ್ಮನ್‌ವಿಂಗ್ಸ್ 9525, ಏರ್‌ಬಸ್ ಎ320. ಬಾರ್ಸಿಲೋನಾದಿಂದ ಡ್ಯೂಸೆಲ್‌ಡಾರ್ಫ್‌ಗೆ ಹೊರಟಿತ್ತು. ವಿಮಾನ 38,000 ಅಡಿಗೆ ಏರಿದ ಮೇಲೆ ಕ್ಯಾಪ್ಟನ್ ಎದ್ದು ಹೊರಗೆ ಹೋದರು. ಕೋ-ಪೈಲಟ್ ಒಬ್ಬನೇ ಉಳಿದ. ಒಂದು ನಿಮಿಷವೂ ಆಗಿರಲಿಲ್ಲ, ಆಟೋಪೈಲಟ್‌ನಲ್ಲಿ ಎತ್ತರವನ್ನು 100 ಅಡಿ ಅಂತ ತಿರುಗಿಸಿಟ್ಟ. ಕ್ಯಾಪ್ಟನ್ ವಾಪಸ್ ಬಂದಾಗ ಬಾಗಿಲು ತೆರೆಯಲಿಲ್ಲ. ಬಡಿದರು, ಕೂಗಿದರು, ಒಡೆಯಲು ನೋಡಿದರು. ಕಂಟ್ರೋಲ್‌ನವರು ಕರೆದರು. ಯಾವುದಕ್ಕೂ ಒಳಗಿನಿಂದ ಉತ್ತರ ಇಲ್ಲ. ರೆಕಾರ್ಡರಿನಲ್ಲಿ ಅವನ ಉಸಿರಾಟ ಮಾತ್ರ ಇತ್ತು. ಹತ್ತು ನಿಮಿಷ ಇಳಿದು ಇಳಿದು ವಿಮಾನ ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಬಡಿಯಿತು. 150 ಜನ ಹೋದರು.

ಫ್ರಾನ್ಸಿನ ತನಿಖಾ ಸಂಸ್ಥೆ ಬಿಇಎ ಮರುವರ್ಷ ಕೊಟ್ಟ ವರದಿಯಲ್ಲಿ ಇನ್ನೊಂದು ಮಾತಿದೆ. ಅದೇ ಬೆಳಿಗ್ಗೆ ಬಾರ್ಸಿಲೋನಾಕ್ಕೆ ಬರುವಾಗಲೂ ಕ್ಯಾಪ್ಟನ್ ಹೊರಗೆ ಹೋದ ಸ್ವಲ್ಪ ಹೊತ್ತಿನಲ್ಲಿ ಅವನು ಎತ್ತರವನ್ನು 100 ಅಡಿಗೆ ತಿರುಗಿಸಿ ವಾಪಸ್ ಸರಿ ಮಾಡಿದ್ದ. ಒಂದಲ್ಲ, ಹಲವು ಸಲ. ಯಾರಿಗೂ ಗೊತ್ತಾಗಿರಲಿಲ್ಲ.

ಆ ಬಾಗಿಲು ಯಾಕೆ ಅಷ್ಟು ಗಟ್ಟಿ? 2001ರ ಸೆಪ್ಟೆಂಬರ್ 11ಕ್ಕೆ ಮೊದಲು ಕಾಕ್‌ಪಿಟ್ ಬಾಗಿಲೆಂದರೆ ಬರೀ ಅಡ್ಡಗಟ್ಟು ಅಷ್ಟೇ. ಮಕ್ಕಳನ್ನು ಒಳಗೆ ಕರೆದು ತೋರಿಸುತ್ತಿದ್ದರಂತೆ. ಅಮೆರಿಕದ ಆ ದಾಳಿಯ ನಂತರ ಗುಂಡಿಗೂ ಬಗ್ಗದ, ಒದ್ದರೂ ಮುರಿಯದ ಬಾಗಿಲು ಬಂತು. 2003ರೊಳಗೆ ದೊಡ್ಡ ವಿಮಾನಗಳಿಗೆಲ್ಲ ಅದು ಕಡ್ಡಾಯವಾಯಿತು. ನಮ್ಮವರಿಗಂತೂ 1999ರ ಡಿಸೆಂಬರ್‌ನ ಐಸಿ 814 ವಿಮಾನದ ಅಪಹರಣ ನೆನಪಿದ್ದೇ ಇದೆ. ಕಂದಹಾರ್ ನೋಡಿದ ದೇಶದಲ್ಲಿ ಬಾಗಿಲು ಗಟ್ಟಿ ಬೇಡ ಅಂತ ಯಾರು ಹೇಳ್ತಾರೆ?

ಏರ್‌ಬಸ್‌ನಲ್ಲಿ ಇಬ್ಬರು ಪೈಲಟ್‌ಗಳ ನಡುವೆ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಅದಕ್ಕೆ ಮೂರು ಸ್ಥಾನ: ಅನ್‌ಲಾಕ್, ನಾರ್ಮಲ್, ಲಾಕ್. ಹೊರಗಿನಿಂದ ಬರುವವರು ಗುಂಡಿ ಒತ್ತಿ ಕೇಳಬೇಕು. ಒಳಗಿನವರು ಕ್ಯಾಮೆರಾದಲ್ಲಿ ನೋಡಿ ತೆರೆಯುತ್ತಾರೆ. ಒಳಗಿನವರಿಗೆ ಪ್ರಜ್ಞೆ ತಪ್ಪಿದ್ದರೆ ಹೊರಗಿನವರ ಹತ್ತಿರ ತುರ್ತು ಕೋಡ್ ಇದೆ. ಅದನ್ನು ಒತ್ತಿದರೆ ಒಳಗೆ ಸ್ವಲ್ಪ ಹೊತ್ತು ಬಜರ್ ಬಡಿದು ಬಾಗಿಲು ತಾನಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಆ ಹೊತ್ತಿನಲ್ಲಿ ಒಳಗಿನವರು ಲಾಕ್ ಮಾಡಿದರೆ ಕೋಡ್ ನಡೆಯುವುದಿಲ್ಲ. ಪಿಸ್ತೂಲು ಹಿಡಿದವನು ಗಗನಸಖಿಯನ್ನು ಹೆದರಿಸಿ ಕೋಡ್ ಒತ್ತಿಸಿದರೆ ಅಂತ ಅದನ್ನು ಇಟ್ಟಿದ್ದಾರೆ. ಕೊನೆಯ ಮಾತು ಒಳಗಿನವರದ್ದು. ಕೆಡುಕು ಯಾವಾಗಲೂ ಹೊರಗಿನಿಂದಲೇ ಬರುತ್ತೆ ಅನ್ನುವ ಲೆಕ್ಕದ ಮೇಲೆ ಇಡೀ ಬಾಗಿಲು ನಿಂತಿದೆ.

ಹಾಗಾದರೆ ಆ ಲಾಕ್ ಸ್ವಿಚ್ಚನ್ನೇ ತೆಗೆದುಹಾಕಿ ಅಂತ ನಮ್ಮ ಓಣಿಯ ಚಹಾದಂಗಡಿಯಲ್ಲೇ ಒಬ್ಬರು ಸಲಹೆ ಕೊಟ್ಟರು. ತೆಗೆದರೆ ಹೊರಗಿನವನಿಗೆ ದಾರಿ ಆಯ್ತಲ್ಲ ಸ್ವಾಮಿ. ತುರ್ತು ಕೋಡೇ ಬೇಡ ಅನ್ನುವವರೂ ಇದ್ದಾರೆ. ಅವರು 2024ರ ಫೆಬ್ರವರಿಯಲ್ಲಿ ಲುಫ್ತಾನ್ಸಾ ವಿಮಾನದಲ್ಲಿ ಆದದ್ದನ್ನು ಓದಬೇಕು. ಫ್ರಾಂಕ್‌ಫರ್ಟ್‌ನಿಂದ ಸೆವಿಲ್‌ಗೆ ಹೋಗುತ್ತಿದ್ದ ಎ321. ಕ್ಯಾಪ್ಟನ್ ಟಾಯ್ಲೆಟ್‌ಗೆ ಹೋದರು, ಒಳಗಿದ್ದ ಕೋ-ಪೈಲಟ್ ಪ್ರಜ್ಞೆ ತಪ್ಪಿದ. ಸುಮಾರು ಹತ್ತು ನಿಮಿಷ ವಿಮಾನ ಆಟೋಪೈಲಟ್ ಮೇಲೇ ಹೋಯಿತು. ಕ್ಯಾಪ್ಟನ್ ಮಾಮೂಲಿ ರೀತಿಯಲ್ಲಿ ಹಲವು ಸಲ ಕೇಳಿ ನೋಡಿ, ಕೊನೆಗೆ ತುರ್ತು ಕೋಡ್ ಒತ್ತಿದರು. ಅಷ್ಟರಲ್ಲಿ ಕೋ-ಪೈಲಟ್‌ಗೆ ಎಚ್ಚರವಾಗಿ ಅವನೇ ಬಾಗಿಲು ತೆಗೆದ. ಮ್ಯಾಡ್ರಿಡ್‌ನಲ್ಲಿ ಇಳಿಸಿದರು, ಎಲ್ಲರೂ ಉಳಿದರು. ಬಾಗಿಲು ಒಂದೇ. ಒಳಗೆ ಯಾರಿದ್ದಾರೆ, ಹೇಗಿದ್ದಾರೆ ಅನ್ನುವುದರ ಮೇಲೆ ಅದು ಕಾಯುತ್ತೆ ಇಲ್ಲವೇ ಕೊಲ್ಲುತ್ತೆ.

ಎರಡು ಸಲವೂ ಕ್ಯಾಪ್ಟನ್ ಎದ್ದು ಹೋದಾಗಲೇ ಆಗಿದ್ದು ನೋಡಿ. ನಮ್ಮ ಇಂಜಿನ್ನಿನಲ್ಲಿ ಆ ಚಿಂತೆ ಇರಲಿಲ್ಲ, ಟಾಯ್ಲೆಟ್ಟೇ ಇರಲಿಲ್ಲ! ವಾಡಿಯ ಬೇಸಿಗೆಯಲ್ಲಿ ಲೀಟರ್‌ಗಟ್ಟಲೆ ನೀರು ಕುಡಿದು, ಯಾವಾಗ ಪಕ್ಕದ ಲೂಪ್ ಲೈನಿಗೆ ಹಾಕಿ ನಿಲ್ಲಿಸ್ತಾರೋ ಅಂತ ಕಾದು ಕೂತವರು ನಾವು. ಈಗ ಕೆಲವು ಹೊಸ ಇಂಜಿನ್ನುಗಳಲ್ಲಿ ಕೊಟ್ಟಿದ್ದಾರೆ. ಒಳ್ಳೆಯದಾಯ್ತು ಬಿಡಿ, ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬರುತ್ತಿದ್ದಾರೆ.

ಜರ್ಮನ್‌ವಿಂಗ್ಸ್ ಆದ ಮೂರೇ ದಿನಕ್ಕೆ ಯುರೋಪಿನವರು ಕಾಕ್‌ಪಿಟ್‌ನಲ್ಲಿ ಯಾವಾಗಲೂ ಇಬ್ಬರು ಇರಲಿ ಅಂತ ಸಲಹೆ ಹೊರಡಿಸಿದರು. ಪೈಲಟ್ ಹೊರಗೆ ಹೋದರೆ ಕ್ಯಾಬಿನ್ ಸಿಬ್ಬಂದಿ ಒಬ್ಬರು ಒಳಗೆ ಬಂದು ನಿಲ್ಲಬೇಕು. ಅಮೆರಿಕದಲ್ಲೂ ನಮ್ಮಲ್ಲೂ ಆ ಪದ್ಧತಿ ಮೊದಲಿನಿಂದಲೇ ಇತ್ತು. ಮರುವರ್ಷ ಯುರೋಪಿನವರೇ ಅದನ್ನು ಸಡಿಲ ಮಾಡಿ, ಕಂಪನಿಗಳ ವಿವೇಚನೆಗೆ ಬಿಟ್ಟರು. ಬಾಗಿಲು ಜಾಸ್ತಿ ಸಲ ತೆರೆದರೆ ಬೇರೆ ಅಪಾಯ ಅನ್ನುವ ವಾದವೂ ಇತ್ತು.

ಇಬ್ಬರಿದ್ದರೆ ತಡೆಯಬಹುದಾ? ಕೆಲವು ಸಲ ಹೌದು. 2023ರ ಅಕ್ಟೋಬರ್‌ನಲ್ಲಿ ಅಲಾಸ್ಕಾ ಏರ್‌ಲೈನ್ಸ್‌ಗಾಗಿ ಹಾರುತ್ತಿದ್ದ ವಿಮಾನದಲ್ಲಿ ಒಬ್ಬ ಡ್ಯೂಟಿ ಇಲ್ಲದ ಪೈಲಟ್ ಕಾಕ್‌ಪಿಟ್ಟಿನ ಹೆಚ್ಚುವರಿ ಸೀಟಿನಲ್ಲಿ ಕೂತಿದ್ದ. ಇದ್ದಕ್ಕಿದ್ದಂತೆ, ಎಳೆದರೆ ಇಂಜಿನ್ನೇ ನಿಂತುಹೋಗುವ, ಬೆಂಕಿ ಆರಿಸುವ ಹಿಡಿಕೆಗಳಿಗೆ ಕೈ ಹಾಕಿದ. ಮುಂದಿದ್ದ ಇಬ್ಬರೂ ಅವನ ಕೈ ಹಿಡಿದರು, ಹೊರಗೆ ಕಳಿಸಿದರು, ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಸಿದರು. ಆದರೆ 1982ರಲ್ಲಿ ಜಪಾನ್ ಏರ್‌ಲೈನ್ಸ್ ಡಿಸಿ-8ರ ಕಾಕ್‌ಪಿಟ್‌ನಲ್ಲಿ ಮೂವರಿದ್ದರು. ಟೋಕಿಯೋದಲ್ಲಿ ಇಳಿಯುವ ಹೊತ್ತಿಗೆ ಕ್ಯಾಪ್ಟನ್ ಇಂಜಿನ್ನನ್ನು ರಿವರ್ಸ್‌ಗೆ ಹಾಕಿದರು. ಉಳಿದಿಬ್ಬರು ಅವರನ್ನು ಎಳೆದು ಹಿಡಿದರೂ ವಿಮಾನ ರನ್‌ವೇ ಮುಟ್ಟದೆ ನೀರಿಗೆ ಬಿತ್ತು. 174 ಜನರಲ್ಲಿ 24 ಜನ ಸತ್ತರು. ಆ ಕ್ಯಾಪ್ಟನ್ನರಿಗೆ ಮೊದಲೇ ಮನಸ್ಸಿನ ಕಾಯಿಲೆ ಇತ್ತು, ರಜೆ ಮೇಲೆ ಹೋಗಿ ಮತ್ತೆ ಕೆಲಸಕ್ಕೆ ಬಂದಿದ್ದರು. 2013ರ ನವೆಂಬರ್‌ನಲ್ಲಿ ಮೊಜಾಂಬಿಕ್‌ನ ಎಲ್‌ಎಎಂ ವಿಮಾನ ನಮೀಬಿಯಾದ ಕಾಡಿನಲ್ಲಿ ಬಿದ್ದು 33 ಜನ ಹೋದರು. ಅಲ್ಲಿ ಹೊರಗೆ ಉಳಿದದ್ದು ಕೋ-ಪೈಲಟ್, ಒಳಗಿದ್ದದ್ದು ಕ್ಯಾಪ್ಟನ್. ಜರ್ಮನ್‌ವಿಂಗ್ಸ್‌ಗಿಂತ ಹದಿನಾರು ತಿಂಗಳು ಮೊದಲು, ಅದೇ ಬಾಗಿಲು, ಅದೇ ಕಥೆ. ಆಫ್ರಿಕಾದಲ್ಲಿ ಆದದ್ದಕ್ಕೆ ಜಗತ್ತು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ ಅಂತ ನನ್ನ ಅನಿಸಿಕೆ.

ರೈಲಿನವರಿಗೆ ಒಂದು ಅನುಕೂಲ ಇದೆ. ನಮ್ಮ ಕ್ಯಾಬಿನಲ್ಲಿ ವಿಸಿಡಿ ಅಂತ ಒಂದು ಯಂತ್ರ. ಒಂದು ನಿಮಿಷ ಹಾರ್ನ್, ಥ್ರಾಟಲ್, ಬ್ರೇಕ್ ಏನನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಬಜರ್ ಬಡಿಯುತ್ತದೆ. ಆಗಲೂ ಸುಮ್ಮನಿದ್ದರೆ ಬ್ರೇಕ್ ತಾನೇ ಬೀಳುತ್ತದೆ. ರೈಲು ಎಲ್ಲಿದೆಯೋ ಅಲ್ಲೇ ನಿಂತರೆ ಮುಗಿಯಿತು. ವಿಮಾನ ನಿಲ್ಲುವ ಹಾಗಿಲ್ಲವಲ್ಲ, ಅದನ್ನು ಯಾರಾದರೂ ಇಳಿಸಲೇಬೇಕು. ಒಂದು ಗುಂಡಿ ಒತ್ತಿದರೆ ತಾನೇ ಇಳಿಯುವ ವ್ಯವಸ್ಥೆಗೆ ಚಿಕ್ಕ ವಿಮಾನಗಳಲ್ಲಿ 2020ರಲ್ಲೇ ಅನುಮತಿ ಸಿಕ್ಕಿದೆ. ದೊಡ್ಡದಕ್ಕೂ ತಂದು, ನೆಲದ ಮೇಲಿನವರ ಕೈಗೆ ಗುಂಡಿ ಕೊಡೋಣ ಅಂತ ಕೆಲವರು ಹೇಳುತ್ತಾರೆ. ಆಗ ನೆಲದ ಮೇಲೆ ಆ ಗುಂಡಿ ಇಟ್ಟಿರುವ ಕೋಣೆಗೂ ಒಂದು ಗಟ್ಟಿ ಬಾಗಿಲು ಬೇಕು. ಅದರ ಒಳಗೂ ಒಬ್ಬ ಮನುಷ್ಯ ಕೂರುತ್ತಾನೆ.

ಹಾಗಾಗಿ ನನಗೆ ಬಾಗಿಲಿಗಿಂತ ಮೆಡಿಕಲ್ ಫಾರಮ್ಮೇ ಮುಖ್ಯ ಅನ್ನಿಸುತ್ತದೆ.

ಆ ಜರ್ಮನ್ ಕೋ-ಪೈಲಟ್‌ಗೆ ತರಬೇತಿಯ ಹೊತ್ತಿಗೇ, 2008-09ರಲ್ಲಿ, ಖಿನ್ನತೆ ಬಂದು ಹೋಗಿತ್ತು. ಅದು ಕಂಪನಿಗೂ ವೈದ್ಯರಿಗೂ ಗೊತ್ತಿತ್ತು, ಮೆಡಿಕಲ್‌ನಲ್ಲಿ ಷರತ್ತು ಹಾಕಿಯೇ ಪಾಸ್ ಮಾಡಿದ್ದರು. 2014ರ ಕೊನೆಗೆ ಮತ್ತೆ ಶುರುವಾಯಿತು. ಈ ಸಲ ಅವನು ಹೇಳಲಿಲ್ಲ. ಖಾಸಗಿ ವೈದ್ಯರ ಹತ್ತಿರ ಸುತ್ತಿದ. ಅಪಘಾತಕ್ಕೆ ಎರಡು ವಾರ ಮೊದಲು ಒಬ್ಬರು ಮನೋರೋಗ ಆಸ್ಪತ್ರೆಗೆ ಸೇರಲು ಹೇಳಿದ್ದರು. ರಜೆ ಚೀಟಿಯೂ ಬರೆದುಕೊಟ್ಟಿದ್ದರು. ಅದನ್ನು ಅವನು ಕಂಪನಿಗೆ ಕೊಡಲಿಲ್ಲ. ಅಲ್ಲಿನ ಕಾನೂನಿನಲ್ಲಿ ರೋಗಿಯ ಗುಟ್ಟು ಬಿಟ್ಟುಕೊಟ್ಟರೆ ವೈದ್ಯರಿಗೇ ಶಿಕ್ಷೆ, ಅವರೂ ಸುಮ್ಮನಿದ್ದರು. ಅವನ ತಲೆ ಮೇಲೆ ತರಬೇತಿಗೆ ಮಾಡಿದ ಸುಮಾರು 41,000 ಯೂರೋ ಸಾಲ ಇತ್ತು. ಲೈಸೆನ್ಸ್ ಹೋದರೆ ಸಂಬಳ ಹೋಗುತ್ತೆ, ಸಾಲ ಹಾಗೇ ಉಳಿಯುತ್ತೆ. ಇದೆಲ್ಲ ಬಿಇಎ ವರದಿಯಲ್ಲೇ ಇದೆ. 150 ಜನರನ್ನು ಕೊಂದದ್ದಕ್ಕೆ ಸಾಲ ಕಾರಣ ಅಂತ ನಾನು ಹೇಳುತ್ತಿಲ್ಲ. ಸಾಲದವರೆಲ್ಲ ಹಾಗೆ ಮಾಡುವುದಿಲ್ಲ, ಖಿನ್ನತೆ ಇರುವವರು ಯಾರಿಗೂ ಕೆಡುಕು ಮಾಡದೆ ಬದುಕುತ್ತಾರೆ. ಆದರೆ ಅವನು ಬಾಯಿ ಬಿಡದಿರಲು ಎಷ್ಟೊಂದು ಕಾರಣ ಇದ್ದವು ನೋಡಿ.

ನಮ್ಮ ಲಾಬಿಯಲ್ಲಿ ಒಬ್ಬರಿದ್ದರು. ನನಗಿಂತ ಹಿರಿಯರು, ಯಾದಗಿರಿ ಸೆಕ್ಷನ್ ಅವರಿಗೆ ಬಾಯಿಪಾಠ. ಒಂದು ಸಂಜೆ ಅವರ ಗಾಡಿಗೆ ಒಬ್ಬ ಸಿಕ್ಕಿಬಿದ್ದ. ಈ ಕೆಲಸದಲ್ಲಿ ಅದು ಎಲ್ಲರಿಗೂ ಬರುತ್ತೆ. ಬ್ರೇಕ್ ಹಾಕಿದರೂ ಗೂಡ್ಸ್ ನಿಲ್ಲಲು ಒಂದು ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ನೋಡುತ್ತಾ ಕೂರಬೇಕು. ಮೆಮೋ ಕೊಟ್ಟು ಮುಂದಿನ ಸ್ಟೇಷನ್‌ಗೆ ಗಾಡಿ ತೆಗೆದುಕೊಂಡು ಹೋಗಬೇಕು. ಅವರೂ ಹೋದರು. ಮರುದಿನದಿಂದ ಮಾಮೂಲಿ ಡ್ಯೂಟಿ.

ಸ್ವಲ್ಪ ದಿನ ಆದ ಮೇಲೆ ಅವರ ಜೊತೆ ಹೋಗುತ್ತಿದ್ದ ಅಸಿಸ್ಟೆಂಟ್ ಹುಡುಗ ನಾವು ಮಲಗುವ ರನ್ನಿಂಗ್ ರೂಮಿನಲ್ಲಿ ನನ್ನ ಹತ್ತಿರ ಬಂದು ಕೂತ. "ಸರ್, ನಮ್ಮ ಸಾಹೇಬ್ರು ಖಾಲಿ ಟ್ರ್ಯಾಕಿನ ಮ್ಯಾಲೆ ಹಾರ್ನ್ ಹೊಡೀಲಿಕತ್ಯಾರ್ರಿ" ಅಂದ. ಗೇಟ್ ಇಲ್ಲ, ಕರ್ವ್ ಇಲ್ಲ, ದನ ಇಲ್ಲ, ಮನುಷ್ಯ ಇಲ್ಲ. ರಾತ್ರಿ ಹೊತ್ತು ಹೆಡ್‌ಲೈಟ್ ಬೆಳಕಿನಲ್ಲಿ ಬರೀ ಹಳಿ. ಇವರು ಉದ್ದಕ್ಕೆ ಹಾರ್ನ್ ಹಿಡಿದೇ ಇರುತ್ತಾರೆ. ಕೇಳಿದರೆ "ಯಾರೋ ನಿಂತಾರಲ್ಲೋ, ಕಾಣವಲ್ದೇನು?" ಅನ್ನುತ್ತಾರೆ.

ಆ ಹುಡುಗ ಸುಮ್ನೆ ಇರಬಹುದಿತ್ತು. ಲೋಕೋ ಇನ್‌ಸ್ಪೆಕ್ಟರಿಗೆ ಹೇಳಿದ. ಅವರು ಕೂಗಾಡಲಿಲ್ಲ, ಚಾರ್ಜ್‌ಶೀಟ್ ಕೊಡಲಿಲ್ಲ. ಪಕ್ಕಕ್ಕೆ ಕರೆದು ಚಹಾ ಕುಡಿಸಿ, ಸಿಕ್ ಮೆಮೋ, ಅಂದರೆ ಹುಷಾರಿಲ್ಲ ಅನ್ನುವ ಚೀಟಿ, ಬರೆಸಿ ರೈಲ್ವೆ ಡಾಕ್ಟರ ಹತ್ತಿರ ಕಳಿಸಿದರು. ಔಷಧ ಶುರುವಾಯಿತು. ತಿಂಗಳುಗಳ ನಂತರ ಇಂಜಿನ್ ಕೆಲಸಕ್ಕೆ ಅನ್‌ಫಿಟ್ ಅಂತ ಬಂತು. ನಮ್ಮ ಭಾಷೆಯಲ್ಲಿ ಡಿಕೆಟಗರೈಸ್. ಲಾಬಿಯಲ್ಲೇ ಕುರ್ಚಿ ಕೆಲಸ ಕೊಟ್ಟರು. ಕಿಲೋಮೀಟರ್ ಭತ್ಯೆ ಹೋಯಿತು, ಸಂಬಳ ಉಳಿಯಿತು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯಬಾರದು, ಸಂಬಳ ಇಳಿಸದೆ ಬೇರೆ ಕೆಲಸ ಕೊಡಬೇಕು ಅಂತ 1995ರ ಕಾಯ್ದೆಯಲ್ಲಿ ಇತ್ತು, 2016ರ ಕಾಯ್ದೆಯಲ್ಲೂ ಇದೆ. ಹಿಂದೆ ಮುಂದೆ ಆಡಿಕೊಂಡವರಿದ್ದರು. "ತಲಿ ಕೆಟ್ಟದ" ಅಂತ ನಕ್ಕವರು ನಮ್ಮವರೇ. ಅವರು ಮಾತ್ರ ಡ್ಯೂಟಿ ರಿಜಿಸ್ಟರ್ ಬರೆದುಕೊಂಡು, ಮಕ್ಕಳ ಮದುವೆ ಮಾಡಿ, ಪೆನ್ಷನ್ ತಗೊಂಡು ಹೋದರು.

ರೈಲ್ವೆ ಬಗ್ಗೆ ನನಗೆ ನೂರು ದೂರು ಇವೆ. ಡ್ಯೂಟಿ ಅವರ್ಸ್ ಬಗ್ಗೆ ಶುರು ಮಾಡಿದರೆ ಈ ಬರಹ ಮುಗಿಯಲ್ಲ. ಆದರೆ ಈ ಒಂದು ಸಂಗತಿ ಸರಿ ಇದೆ. ಕಾಯಿಲೆ ಹೇಳಿಕೊಂಡರೆ ಸೀಟು ಹೋಗುತ್ತೆ, ಅನ್ನ ಹೋಗಲ್ಲ. ಎರಡನೆಯವನು ಯಾಕೆ ಬೇಕು ಅನ್ನುವುದೂ ನನಗೆ ತಿಳಿದದ್ದು ಆ ಹುಡುಗನಿಂದಲೇ. ಕೈ ಹಿಡಿದು ಜಗ್ಗಾಡಲಿಕ್ಕಲ್ಲ, ಹಾರ್ನ್ ಯಾಕೆ ಹೊಡೀತಾರೆ ಅಂತ ಗಮನಿಸಲಿಕ್ಕೆ. ವಾಡಿಯಂಥ ಲಾಬಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ದೊಡ್ಡ ಏರ್‌ಲೈನ್‌ನಲ್ಲಿ ಇವತ್ತು ಪಕ್ಕದಲ್ಲಿ ಕೂತವನು ಮತ್ತೆ ಯಾವಾಗ ಸಿಗುತ್ತಾನೋ. ಡ್ಯೂಟಿಗೆ ಮೊದಲು ನಾವೂ ಊದುತ್ತಿದ್ದೆವು, ಪೈಲಟ್‌ಗಳೂ ಊದುತ್ತಾರೆ. ಊದಿದರೆ ಕುಡಿದದ್ದು ಗೊತ್ತಾಗುತ್ತೆ. ರಾತ್ರಿಯೆಲ್ಲ ಕಣ್ಣು ಮುಚ್ಚದೆ ಬಂದದ್ದು ಗೊತ್ತಾಗಲ್ಲ.

ಪೋರ್ಟ್‌ಲ್ಯಾಂಡಿನ ಆ ಪೈಲಟ್ ಕೂಡ ಆಮೇಲೆ ಹೇಳಿದ್ದು ಇದನ್ನೇ. ಖಿನ್ನತೆ ಇತ್ತು, ಕೆಲಸ ಹೋಗುತ್ತೆ ಅನ್ನುವ ಹೆದರಿಕೆಗೆ ಚಿಕಿತ್ಸೆಗೆ ಹೋಗಲಿಲ್ಲ, ಸ್ನೇಹಿತರ ಜೊತೆ ಅಮಲಿನ ಅಣಬೆ ತಿಂದಿದ್ದೆ ಅಂತ. ಅಮೆರಿಕದಲ್ಲಿ 2010ರಿಂದಲೇ ಖಿನ್ನತೆಯ ಕೆಲವು ಮಾತ್ರೆ ತೆಗೆದುಕೊಳ್ಳುತ್ತಾ ಹಾರಲು ಅವಕಾಶ ಇದೆ, ತಪಾಸಣೆ ಮಾಡಿಸಿಕೊಂಡು. ಅವಕಾಶ ಇದ್ದರೂ ಹೆದರಿಕೆ ಹೋಗಿಲ್ಲ.

ಇನ್ನೊಂದು ಮಾತು, ಇದನ್ನು ಹೇಳದೆ ಬಿಡುವ ಹಾಗಿಲ್ಲ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ 171 ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಜನ ಹೋದರು. ಒಂದು ತಿಂಗಳಿಗೆ ಪ್ರಾಥಮಿಕ ವರದಿ ಬಂತು. ಮೇಲೆದ್ದ ಕೂಡಲೇ ಎರಡೂ ಇಂಜಿನ್ನಿನ ಇಂಧನ ಸ್ವಿಚ್ ಒಂದರ ಹಿಂದೊಂದು ಕಟಾಫ್‌ಗೆ ಹೋದವು. ಯಾಕೆ ಕಟ್ ಮಾಡಿದೆ ಅಂತ ಒಬ್ಬರು ಕೇಳಿದರು, ನಾನು ಮಾಡಿಲ್ಲ ಅಂತ ಇನ್ನೊಬ್ಬರು ಹೇಳಿದರು. ಆ ವರದಿ ಯಾರ ಮೇಲೂ ಬೆರಳು ತೋರಿಸಲಿಲ್ಲ. ನಮ್ಮ ವಾಟ್ಸಾಪ್ ಗುಂಪುಗಳು ಮಾತ್ರ ಆವತ್ತು ಸಂಜೆಯೇ ತೀರ್ಪು ಕೊಟ್ಟವು. ಸತ್ತ ಪೈಲಟ್‌ನ ಮದುವೆ, ಮನೆ, ಮಾತ್ರೆ ಎಲ್ಲದರ ಬಗ್ಗೆ ಗೊತ್ತಿದ್ದವರಂತೆ ಬರೆದರು.

ನನಗೆ ಸಿಟ್ಟು ಬರಲು ಕಾರಣ ಇದೆ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಹತ್ತಿರ ಗೂಡ್ಸ್ ಗಾಡಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಅದೇ ದಿನ ತಪ್ಪು ಗೂಡ್ಸ್ ಲೋಕೋ ಪೈಲಟ್‌ದು ಅಂತ ಹೇಳಿಬಿಟ್ಟರು. ಅವರು ಸತ್ತಿದ್ದರು, ಉತ್ತರ ಕೊಡುವವರಿಲ್ಲ. ರೈಲ್ವೆ ಸುರಕ್ಷತಾ ಆಯುಕ್ತರು ತನಿಖೆ ಮಾಡಿದಾಗ ಸಿಗ್ನಲ್ ಕೆಟ್ಟಿತ್ತು, ಆ ಸಿಗ್ನಲ್ ದಾಟಲು ಕೊಟ್ಟ ಕಾಗದದಲ್ಲಿ ವೇಗದ ಮಿತಿ ಬರೆದಿರಲಿಲ್ಲ, ಸಿಬ್ಬಂದಿಗೆ ಸರಿಯಾಗಿ ಕಲಿಸಿರಲಿಲ್ಲ ಅಂತ ಬಂತು. ಬೇಕೆಂದು ವಿಮಾನ ಬೀಳಿಸಿದ್ದು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು. ಪ್ರತಿ ಅಪಘಾತಕ್ಕೂ ಆ ಹಣೆಪಟ್ಟಿ ಹಚ್ಚುತ್ತಾ ಹೋದರೆ, ಸ್ವಲ್ಪ ನಿದ್ದೆ ಕೆಟ್ಟ ಯಾವ ಪೈಲಟ್ ಬಾಯಿ ಬಿಡುತ್ತಾನೆ?

ಯುರೋಪಿನಲ್ಲಿ 2018ರಲ್ಲಿ ಹೊಸ ನಿಯಮ ಬಂತು. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಮಾನಸಿಕ ತಪಾಸಣೆ, ಜೊತೆಗೆ ಪೀರ್ ಸಪೋರ್ಟ್. ಅಂದರೆ ಪೈಲಟ್‌ನ ಕಷ್ಟವನ್ನು ತರಬೇತಿ ಪಡೆದ ಇನ್ನೊಬ್ಬ ಪೈಲಟ್ ಕೇಳುವುದು. ನಮ್ಮ ದೇಶದ ವಿಮಾನಗಳ ಮೇಲ್ವಿಚಾರಣೆ ಮಾಡುವ ಡಿಜಿಸಿಎ ಕೂಡ 2023ರಲ್ಲಿ ಇದೇ ದಾರಿಯ ಸೂಚನೆ ಹೊರಡಿಸಿದೆ. ಆ ಅಸಿಸ್ಟೆಂಟ್ ಹುಡುಗ, ಆ ಲೋಕೋ ಇನ್‌ಸ್ಪೆಕ್ಟರ್ ಮಾಡಿದ್ದನ್ನೇ ಕಾಗದದ ಮೇಲೆ ತಂದಿದ್ದಾರೆ ಅಂದುಕೊಳ್ಳಿ. ಅದರ ಮುಂದಿನದು ದುಡ್ಡಿನ ಪ್ರಶ್ನೆ. ಹೇಳಿಕೊಂಡು ಲೈಸೆನ್ಸ್ ನಿಂತರೆ ಆ ತಿಂಗಳ ಕಂತು ಯಾರು ಕಟ್ಟುತ್ತಾರೆ? ಲೈಸೆನ್ಸ್ ಹೋದರೆ ಪರಿಹಾರ ಕೊಡುವ ವಿಮೆ ಚೆನ್ನಾಗಿರಲಿ ಅಂತ ಬಿಇಎ ಕೂಡ ಒತ್ತಿ ಹೇಳಿತ್ತು.

ಇದನ್ನೆಲ್ಲ ಹೇಳಿದ ಮೇಲೆ ಅಳಿಯ ಏಜೆಂಟ್ ಒಬ್ಬರ ಹತ್ತಿರ ಅಂಥದೇ ಒಂದು ಪಾಲಿಸಿಯ ಕಾಗದ ತಂದ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆ. ಬೆನ್ನು, ಕಣ್ಣು, ಹೃದಯ ಎಲ್ಲಾ ಇತ್ತು. ಯಾವುದಕ್ಕೆ ದುಡ್ಡು ಸಿಗಲ್ಲ ಅನ್ನುವ ಪಟ್ಟಿಯಲ್ಲಿ ಮಾನಸಿಕ ಕಾಯಿಲೆ ಎರಡನೆಯದು.

"ಇದನ್ನ ಸೇರಿಸಿದ್ದು ಯಾವ್ದರ ಪಾಲಿಸಿ ಅದ ಏನು ಕೇಳು ಅಳಿಯಾ" ಅಂದೆ. "ಕಂತು ಜಾಸ್ತಿ ಆದ್ರ ನಾ ಕೊಡ್ತೀನಿ."

ಕೇಳಿದ್ದಾನೆ. ಏಜೆಂಟ್ ಕಂಪನಿಗೆ ಬರೆದು ಹೇಳ್ತೀನಿ ಅಂದಿದ್ದಾರಂತೆ. ಇನ್ನೂ ಏನೂ ಬಂದಿಲ್ಲ.